ಹಬ್ಬ ಮುಗಿದ ಮೇಲೆ ಉಳಿದ ಕೇಕ್, ಬ್ರೆಡ್, ರೊಟ್ಟಿ: ಯಾವುದಕ್ಕೆ ಯಾವ ದಾರಿ?

ಪ್ರತಿ ವರ್ಷ ಜನವರಿಯ ಮೊದಲ ವಾರ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಈ ಸಲ ಮೂವರು ಕೇಳಿದ್ದಾರೆ. ಬೀದರ್‌ನ ಶಿಕ್ಷಕಿಯೊಬ್ಬರ ಮನೆಗೆ ಕ್ರಿಸ್‌ಮಸ್‌ಗೆಂದು ಮೂರು ಪ್ಲಮ್ ಕೇಕ್ ಬಂದಿವೆ. ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ, ಗಂಡನಿಗೆ ಸಕ್ಕರೆ ಕಾಯಿಲೆ. ಶಹಾಪುರದ ಕಡೆಯ ಸೊಸೆಯೊಬ್ಬಳು ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೊತ್ತುಕೊಂಡು ಹೋದ ಬುಟ್ಟಿಯಲ್ಲಿ ಅರ್ಧದಷ್ಟು ಹಾಗೆಯೇ ಮರಳಿ ತಂದಿದ್ದಾಳೆ: ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಒಂದಷ್ಟು ಹೂರಣದ ಹೋಳಿಗೆ. ಕಲಬುರಗಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುವ ಹುಡುಗನೊಬ್ಬನ ಬಳಿ ಎರಡು ಪ್ಯಾಕೆಟ್ ಬ್ರೆಡ್, ಒಂದು ಡಬ್ಬಿ ಖಾರಿ ಬಿಸ್ಕೆಟ್, ಹೊಸ ವರ್ಷದ ರಾತ್ರಿ ಗೆಳೆಯರೆಲ್ಲ ಸೇರಿ ಕತ್ತರಿಸಿದ ಕ್ರೀಮ್ ಕೇಕಿನ ಅರ್ಧ ಭಾಗ ಉಳಿದಿವೆ. ಅವನಲ್ಲಿರುವುದು ಒಂದು ಸಣ್ಣ ಗ್ಯಾಸ್ ಒಲೆ, ಒಂದು ಹಂಚು, ಒಂದು ಬೋಗುಣಿ. ಫ್ರಿಜ್ ಇಲ್ಲ.

ಮೂವರೂ ಕೇಳುವುದು ಒಂದೇ ಮಾತು. ಬ್ರೆಡ್, ಹಾಲಿನ ಸಿಹಿಯಾದ ಡಬಲ್ ಕಾ ಮೀಠಾ ಮಾಡಲೇ, ಪುಡಿ ಮಾಡಿ ಉಂಡೆ ಕಟ್ಟಲೇ, ಒಗ್ಗರಣೆ ಹಾಕಲೇ, ಟೋಸ್ಟ್ ಮಾಡಿ ಡಬ್ಬಿಗೆ ತುಂಬಲೇ, ಯಾರಿಗಾದರೂ ಕೊಟ್ಟುಬಿಡಲೇ?

ನಮ್ಮ ಭಾಗದಲ್ಲಿ ಈ ತೊಡಕು ಹೆಚ್ಚಾಗಲು ಕಾರಣವಿದೆ. ಇಲ್ಲಿ ಹಬ್ಬಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. 2024ರಲ್ಲಿ ಕ್ರಿಸ್‌ಮಸ್ ಆದ ಐದನೆಯ ದಿನಕ್ಕೇ, ಡಿಸೆಂಬರ್ 30ರಂದು, ಎಳ್ಳ ಅಮಾವಾಸ್ಯೆ ಬಂದಿತ್ತು. ಮರುದಿನ ರಾತ್ರಿ ಹೊಸ ವರ್ಷದ ಕೇಕ್. ಎರಡು ವಾರ ಕಳೆದರೆ ಸಂಕ್ರಾಂತಿ, ಮತ್ತೆ ರೊಟ್ಟಿ ಬಡಿಯುವ ಸದ್ದು. ಒಂದು ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ತುಂಬುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಹಬ್ಬದಡುಗೆಯನ್ನು ಬೆಳೆಗೆ ಎರಚಿ, ಭೂತಾಯಿಗೆ ಕೈ ಮುಗಿದು ಬಂದವರಿಗೆ ಅದೇ ಧಾನ್ಯದ ರೊಟ್ಟಿಯನ್ನು ತಿಪ್ಪೆಗೆ ಹಾಕಲು ಮನಸ್ಸು ಬರುವುದಿಲ್ಲ. ಬರಲೂಬಾರದು.

ಆದರೆ ಏನಾದರೂ ಮಾಡಲೇಬೇಕೆಂಬ ಅವಸರದಲ್ಲಿ ಕೆಟ್ಟ ಬ್ರೆಡ್‌ಗೆ ಒಳ್ಳೆಯ ಹಾಲು ಸುರಿಯುವುದನ್ನೂ ನಾನು ನೋಡಿದ್ದೇನೆ. ಸ್ವತಃ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಸ್ವಲ್ಪ ಮುಗ್ಗಿದ ವಾಸನೆಯಿದ್ದ ಬ್ರೆಡ್ಡನ್ನು ತುಪ್ಪದಲ್ಲಿ ಹುರಿದರೆ ಸರಿಹೋಗುತ್ತದೆ ಎಂದುಕೊಂಡೆ. ಒಂದು ಲೀಟರ್ ಹಾಲು, ಪಾವು ಕಿಲೋ ಸಕ್ಕರೆ, ಏಲಕ್ಕಿ, ಗೋಡಂಬಿ ಎಲ್ಲ ಹಾಕಿದ ಮೇಲೂ ಆ ವಾಸನೆ ಹೋಗಲಿಲ್ಲ. ಬ್ರೆಡ್ ಒಂದೇ ಹೋಗಬೇಕಾಗಿದ್ದಲ್ಲಿ ಅದರ ಜೊತೆ ಎಲ್ಲವೂ ಹೋಯಿತು. ಅಂದಿನಿಂದ ಅಡುಗೆಯ ಹೆಸರು ಹುಡುಕುವ ಮೊದಲು ಡಬ್ಬಿಯಲ್ಲಿರುವುದನ್ನು ಮುಟ್ಟಿ, ಮೂಸಿ ನೋಡುತ್ತೇನೆ.

ಏನನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದು ತೇವ. ಬ್ರೆಡ್ ಹಳೆಯದಾದರೆ ಗಟ್ಟಿಯಾಗುತ್ತದೆ, ಬಿಸ್ಕೆಟ್ ಹಳೆಯದಾದರೆ ಮೆತ್ತಗಾಗುತ್ತದೆ. ಬ್ರೆಡ್‌ನ ತೂಕದಲ್ಲಿ ಸುಮಾರು 35ರಿಂದ 40 ಭಾಗ ನೀರೇ ಇರುತ್ತದೆ. ಬಿಸ್ಕೆಟ್, ಟೋಸ್ಟ್‌ಗಳಲ್ಲಿ ನೂರಕ್ಕೆ ಐದು ಭಾಗವೂ ಇರುವುದಿಲ್ಲ. ಒಂದು ನೀರನ್ನು ಬಿಡುತ್ತದೆ, ಇನ್ನೊಂದು ಗಾಳಿಯಿಂದ ನೀರನ್ನು ಹೀರುತ್ತದೆ. ಆದ್ದರಿಂದ ಕೇಕ್, ಬಿಸ್ಕೆಟ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬಾರದು. ಕೇಕಿನ ತೇವವೆಲ್ಲ ಬಿಸ್ಕೆಟ್‌ಗೆ ಹೋಗಿ ಎರಡೂ ಕೆಡುತ್ತವೆ.

ಬ್ರೆಡ್ ಗಟ್ಟಿಯಾಗುವುದು ನೀರು ಆರುವುದರಿಂದ ಮಾತ್ರವಲ್ಲ. ಬೇಯುವಾಗ ನೀರು ಕುಡಿದು ಸಡಿಲವಾದ ಪಿಷ್ಟವು ತಣ್ಣಗಾದ ಮೇಲೆ ಮತ್ತೆ ಬಿಗಿಯಾಗುತ್ತಾ ಹೋಗುತ್ತದೆ. ಫ್ರಿಜ್ಜಿನೊಳಗೆ ಈ ಬಿಗಿತ ಇನ್ನೂ ಬೇಗ ಆಗುತ್ತದೆ, ಫ್ರೀಜರ್‌ನಲ್ಲಿ ನಿಂತುಹೋಗುತ್ತದೆ, 60 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿ ಮಾಡಿದರೆ ಸ್ವಲ್ಪ ಹೊತ್ತು ಬಿಟ್ಟುಕೊಡುತ್ತದೆ. ನಿನ್ನೆಯ ರೊಟ್ಟಿಗೆ ನೀರು ಚಿಮುಕಿಸಿ ಹಂಚಿನ ಮೇಲೆ ಇಟ್ಟರೆ ಮೆತ್ತಗಾಗಿ, ಅದೇ ರೊಟ್ಟಿ ತಟ್ಟೆಯಲ್ಲಿ ತಣ್ಣಗಾಗುತ್ತಲೇ ಮತ್ತೆ ಚರ್ಮದಂತಾಗುವುದು ಇದೇ ಕಾರಣಕ್ಕೆ. ಬಿಸಿ ಮಾಡಿದ್ದನ್ನು ಬಿಸಿಯಿರುವಾಗಲೇ ತಿನ್ನಬೇಕು.

ಎರಡನೆಯದು, ಒಳಗೆ ಏನಿದೆ ಎಂಬುದು. ಹಾಲಿನ ಕೆನೆ, ಹಸಿ ಕೊಬ್ಬರಿ, ಬೇಳೆಯ ಹೂರಣ ಇದ್ದರೆ ಕಾಯಲು ಸಮಯವಿಲ್ಲ. ಬೆಲ್ಲ, ಎಳ್ಳು, ಹುರಿದ ಶೇಂಗಾ, ಒಣಹಣ್ಣು ಇದ್ದರೆ ಅವಸರವಿಲ್ಲ.

ಮೂರನೆಯದು ಮೇಲಿನ ಖರ್ಚು. ಉಳಿಸುವ ವಸ್ತುವಿನ ಬೆಲೆ ಎಷ್ಟು, ಉಳಿಸಲು ಹಾಕುವ ತುಪ್ಪ, ಹಾಲು, ಸಕ್ಕರೆ, ಗ್ಯಾಸಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ, ಆದರೆ ಇದೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ನಿಮ್ಮ ಕೈಯಲ್ಲಿರುವ ಸಮಯ, ಪಾತ್ರೆ, ಒಲೆ. ಕೊನೆಗೆ, ತಿನ್ನುವವರು ಯಾರು? ಹಲ್ಲಿಲ್ಲದ ಹಿರಿಯರೇ, ಶಾಲೆಯಿಂದ ಹಸಿದು ಬರುವ ಮಕ್ಕಳೇ, ಸಿಹಿ ಮುಟ್ಟಬಾರದವರೇ? ತಿನ್ನುವವರಿಲ್ಲದ ಮನೆಯಲ್ಲಿ ಹೊಸ ತಿಂಡಿ ಮಾಡಿದರೆ ಉಳಿಕೆಯ ಹೆಸರು ಬದಲಾಗುತ್ತದೆ ಅಷ್ಟೇ, ಡಬ್ಬಿ ಖಾಲಿಯಾಗುವುದಿಲ್ಲ.

ನಮ್ಮ ಅತ್ತೆಯವರು ಬ್ರೆಡ್ ನೋಡುವ ರೀತಿಯನ್ನು ಹೇಳಿಬಿಡುತ್ತೇನೆ. ಅವರು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚನ್ನು ನೋಡುತ್ತಾರೆ, ನಡುವೆ ಅಲ್ಲ. ಬೂಸ್ಟು ಮೊದಲು ಕಾಣಿಸುವುದು ಹೊರಪದರದ ಹತ್ತಿರ, ಪ್ಲಾಸ್ಟಿಕ್ ಚೀಲದ ಹನಿ ತಾಗಿದ ಕಡೆ. ಆಮೇಲೆ ಎರಡು ಬೆರಳಲ್ಲಿ ಒತ್ತುತ್ತಾರೆ. ಪುಡಿ ಉದುರಿದರೆ "ಇದು ಒಣ ಅಡುಗೆಗೆ" ಎಂದು ಒಂದು ಕಡೆ ಇಡುತ್ತಾರೆ, ಒತ್ತಿದ ಗುರುತು ನಿಂತರೆ "ಇದಕ್ಕೆ ಹಂಚು ಸಾಕು" ಎನ್ನುತ್ತಾರೆ. ಒಂದು ಚೂರಿನಲ್ಲಿ ಹಸಿರು ಚುಕ್ಕೆ ಕಂಡರೆ ಪೂರ್ತಿ ಪ್ಯಾಕೆಟ್ ಹೊರಗೆ. ಚುಕ್ಕೆಯನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬಳಸುವವರು ಬಹಳ ಮಂದಿ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ರೆಡ್, ಕೇಕ್‌ನಂಥ ಮೆತ್ತನೆಯ ವಸ್ತುವಿನಲ್ಲಿ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಒಳಕ್ಕೆ ಹರಡಿರುತ್ತವೆ. ಹುರಿದರೂ ಕುದಿಸಿದರೂ ಅದರ ವಿಷ ಹೋಗುತ್ತದೆಂಬ ಭರವಸೆಯಿಲ್ಲ.

ಮತ್ತೊಮ್ಮೆ ಸುಡುವುದು

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಇದು. ಎರಡು ದಿನ ಹಳೆಯದಾದ, ವಾಸನೆ ಚೆನ್ನಾಗಿರುವ ಬ್ರೆಡ್, ಬನ್, ಪಾವ್ ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಹಂಚನ್ನು ಸಣ್ಣ ಉರಿಯಲ್ಲಿ ಇಟ್ಟು, ಒಂದೊಂದು ಬದಿಗೆ ಎಂಟರಿಂದ ಹತ್ತು ನಿಮಿಷ ಬಿಡಬೇಕು. ಉರಿ ಜೋರಾದರೆ ಮೇಲೆ ಕಪ್ಪಾಗಿ ಒಳಗೆ ತೇವ ಉಳಿಯುತ್ತದೆ. ಆ ತೇವವೇ ನಾಲ್ಕನೆಯ ದಿನಕ್ಕೆ ಡಬ್ಬಿಯನ್ನು ಕೆಡಿಸುತ್ತದೆ. ಮನೆಯಲ್ಲಿ ಸಣ್ಣ ಓವನ್ ಇದ್ದರೆ 120 ಡಿಗ್ರಿಯಲ್ಲಿ ಅರ್ಧ ಗಂಟೆ. 1500 ವ್ಯಾಟ್‌ನ ಓವನ್ ಅರ್ಧ ಗಂಟೆಗೆ ಹೆಚ್ಚೆಂದರೆ ಮುಕ್ಕಾಲು ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಆದರೆ ನಾಲ್ಕು ಚೂರಿಗಾಗಿ ಓವನ್ ಹಚ್ಚುವುದು ಸರಿಯಲ್ಲ, ತಟ್ಟೆ ತುಂಬುವಷ್ಟು ಇದ್ದಾಗ ಮಾತ್ರ.

ಪರೀಕ್ಷೆ ಸರಳ: ಪೂರ್ತಿ ತಣ್ಣಗಾದ ಮೇಲೆ ಮುರಿದರೆ ಟಕ್ ಎಂದು ಸದ್ದಾಗಬೇಕು. ಬಾಗಿದರೆ ಇನ್ನೂ ಹತ್ತು ನಿಮಿಷ ಬೇಕು. ಬಿಸಿಯಿರುವಾಗ ಡಬ್ಬಿಗೆ ತುಂಬಿದರೆ ಮುಚ್ಚಳದಡಿ ಹಬೆ ಕೂಡಿ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಸರಿಯಾಗಿ ಮಾಡಿದರೆ ಚಹಾದ ಜೊತೆ ಎರಡು ವಾರ ಯಾವ ಯೋಚನೆಯೂ ಇಲ್ಲ. ನಮ್ಮಲ್ಲಿ ಡಿಸೆಂಬರ್, ಜನವರಿಯ ಗಾಳಿ ಒಣದಾಗಿರುವುದರಿಂದ ಈ ದಾರಿ ಇಲ್ಲಿ ಚೆನ್ನಾಗಿ ಕೈಹಿಡಿಯುತ್ತದೆ. ಮಳೆಗಾಲದಲ್ಲಾದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಮೆತ್ತಗಾದ ಖಾರಿ, ನಾನಖಟಾಯಿ, ಬಿಸ್ಕೆಟ್‌ಗಳಿಗೂ ಇದೇ ಚಿಕಿತ್ಸೆ, ಆದರೆ ಐದು ನಿಮಿಷ ಸಾಕು. ಖಾರಿಯಲ್ಲಿ ಕೊಬ್ಬು ಹೆಚ್ಚಿರುವುದರಿಂದ ಮೊದಲು ಒಂದನ್ನು ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಬಿಸಿ ಮಾಡುವುದರಿಂದ ಅದು ಹೆಚ್ಚಾಗುತ್ತದೆಯೇ ಹೊರತು ಹೋಗುವುದಿಲ್ಲ.

ಈ ದಾರಿಯ ಕೊರತೆ ಒಂದೇ. ಹಲ್ಲು ಗಟ್ಟಿ ಇಲ್ಲದವರಿಗೆ ಇದು ಆಗದು. ಚಹಾದಲ್ಲಿ ಅದ್ದಿ ತಿನ್ನಬಹುದು ನಿಜ, ಆದರೆ ದಿನಕ್ಕೆ ಎರಡು ಚೂರಿಗಿಂತ ಹೆಚ್ಚು ಖರ್ಚಾಗುವುದಿಲ್ಲ.

ಹಾಲಿನ ದಾರಿ: ಡಬಲ್ ಕಾ ಮೀಠಾ

ಬ್ರೆಡ್ ಉಳಿಯಿತು ಎಂದೊಡನೆ ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಇದೇ. 1948ರವರೆಗೆ ಕಲಬುರಗಿ, ಬೀದರ್, ಯಾದಗಿರಿ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ನಂಟಿನಿಂದ ಬಂದ ಸಿಹಿ ಇಲ್ಲಿನ ಮದುವೆ ಊಟಗಳಲ್ಲಿ ಇಂದಿಗೂ ಜಾಗ ಬಿಟ್ಟಿಲ್ಲ. ಬ್ರೆಡ್ಡನ್ನು ಡಬಲ್ ರೋಟಿ ಎಂದು ಕರೆಯುತ್ತಿದ್ದುದರಿಂದ ಈ ಹೆಸರು.

ಎಂಟು ಚೂರು ಬ್ರೆಡ್‌ಗೆ ಅರ್ಧ ಲೀಟರ್ ಹಾಲು, ಮುಕ್ಕಾಲು ಲೋಟ ಸಕ್ಕರೆ, ಅಷ್ಟೇ ನೀರು, ಏಲಕ್ಕಿ, ಇಷ್ಟವಿದ್ದರೆ ಚಿಟಿಕೆ ಕೇಸರಿ. ಹಾಲನ್ನು ಅರ್ಧಕ್ಕೆ ಇಳಿಸಬೇಕು. ಸಕ್ಕರೆ, ನೀರು ಸೇರಿಸಿ ಬೆರಳಿಗೆ ಅಂಟುವಷ್ಟು ಪಾಕ ಮಾಡಬೇಕು. ತುಪ್ಪದಲ್ಲಿ ಕೆಂಪಗೆ ಹುರಿದ ಬ್ರೆಡ್ಡನ್ನು ಮೊದಲು ಪಾಕದಲ್ಲಿ ಅದ್ದಿ, ತಟ್ಟೆಯಲ್ಲಿ ಜೋಡಿಸಿ, ಮೇಲೆ ಹಾಲು ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಮುಚ್ಚಿಡಬೇಕು. ಇಲ್ಲಿ ಹಳೆಯ ಬ್ರೆಡ್ಡೇ ತಾಜಾ ಬ್ರೆಡ್‌ಗಿಂತ ಮೇಲು. ಒಣಗಿದ ಚೂರು ಪಾಕ ಕುಡಿದೂ ಆಕಾರ ಬಿಡುವುದಿಲ್ಲ. ತಾಜಾ ಚೂರು ಗಂಜಿಯಾಗುತ್ತದೆ. ಬ್ರೆಡ್ ಇನ್ನೂ ಮೆತ್ತಗಿದ್ದರೆ ರಾತ್ರಿ ತೆಳುಬಟ್ಟೆ ಹೊದಿಸಿ ಹೊರಗಿಡಿ.

ಈಗ ಲೆಕ್ಕಕ್ಕೆ ಬರೋಣ. ಎಣ್ಣೆಯಂತೆ ತುಪ್ಪ ಸುರಿದು ಕರಿದರೆ ಬ್ರೆಡ್ ತುಪ್ಪವನ್ನು ಸ್ಪಂಜಿನಂತೆ ಹೀರುತ್ತದೆ. ತುಪ್ಪ, ಹಾಲು, ಗೋಡಂಬಿಯ ಖರ್ಚು ಸೇರಿಸಿದರೆ ಉಳಿದ ಬ್ರೆಡ್‌ನ ಬೆಲೆಯ ಹಲವು ಪಟ್ಟಾಗುತ್ತದೆ. ಅಂದ ಮೇಲೆ ಇದನ್ನು ಉಳಿತಾಯ ಎನ್ನಲಾಗದು. ಇದು ಹೊಸ ಸಿಹಿ. ಮನೆಗೆ ಅಳಿಯ ಬರುವವನಿದ್ದರೆ, ಭಾನುವಾರ ಹತ್ತು ಜನ ಸೇರುವವರಿದ್ದರೆ ಖಂಡಿತ ಮಾಡಿ, ಇದಕ್ಕಿಂತ ಚೆಂದದ ಉಪಯೋಗವಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಬೇಡ. ಹಾಲಿನ ಸಿಹಿಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು, ಎರಡು ದಿನದೊಳಗೆ ಮುಗಿಸಬೇಕು. ಬ್ರೆಡ್‌ಗೆ ಇದ್ದ ಆಯುಷ್ಯವನ್ನು ನೀವು ಕಡಿಮೆ ಮಾಡಿದಂತಾಗುತ್ತದೆ.

ಕೈ ಬಿಗಿಯಿದ್ದವರಿಗೆ ನಡುದಾರಿಯೊಂದಿದೆ. ಕರಿಯುವ ಬದಲು ಹಂಚಿನ ಮೇಲೆ ಎರಡೇ ಚಮಚ ತುಪ್ಪದಲ್ಲಿ ಎಲ್ಲ ಚೂರುಗಳನ್ನೂ ಸುಟ್ಟು, ಸಕ್ಕರೆಯ ಬದಲು ಉಳಿದ ಪ್ಲಮ್ ಕೇಕಿನ ಪುಡಿಯನ್ನು ಬಿಸಿ ಹಾಲಿಗೆ ಹಾಕಿ ಸುರಿಯಿರಿ. ಕೇಕಿನಲ್ಲಿರುವ ಸಕ್ಕರೆ, ಒಣದ್ರಾಕ್ಷಿಯೇ ಸಾಕಾಗುತ್ತದೆ. ಎರಡು ಉಳಿಕೆ ಒಂದೇ ತಟ್ಟೆಯಲ್ಲಿ ಮುಗಿಯುತ್ತವೆ. ಗೋಡಂಬಿಯ ಬದಲು ಹುರಿದ ಶೇಂಗಾ ಹಾಕಿದರೆ ನನ್ನ ನಾಲಿಗೆಗೆ ಇನ್ನೂ ಹಿತ.

ಪುಡಿ ಮಾಡುವ ದಾರಿ: ಮಾದಲಿ, ಉಂಡೆ

ಮಾದಲಿ ಗೊತ್ತಿದ್ದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಗೋಧಿಯ ದಪ್ಪ ಚಪಾತಿಯನ್ನು ಸುಟ್ಟು, ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಹುರಿಗಡಲೆ, ಗಸಗಸೆ, ಒಣಕೊಬ್ಬರಿ ಸೇರಿಸಿ, ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಳ್ಳುವ ನಮ್ಮ ಸೀಮೆಯ ತಿಂಡಿ. ಬೇಯಿಸಿದ್ದನ್ನು ಪುಡಿ ಮಾಡಿ ಮತ್ತೆ ಸಿಹಿಯಾಗಿಸುವ ವಿದ್ಯೆ ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದ ಇದೆ. ಅದನ್ನೇ ಉಳಿದ ಚಪಾತಿ, ಒಣಗಿದ ಬ್ರೆಡ್, ಮುರಿದ ಬಿಸ್ಕೆಟ್‌ಗೂ ಹಚ್ಚಬಹುದು.

ಬ್ರೆಡ್ ಆದರೆ ಮೊದಲು ಹಂಚಿನ ಮೇಲೆ ಗರಿಗರಿ ಮಾಡಿಕೊಂಡು ಪುಡಿ ಮಾಡಿ. ಎರಡು ಲೋಟ ಪುಡಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ ಸಾಕು, ಬ್ರೆಡ್‌ನಲ್ಲಿ ಮೊದಲೇ ಸ್ವಲ್ಪ ಸಕ್ಕರೆ ಇರುತ್ತದೆ. ಒಣಗಿಯೇ ಇಟ್ಟರೆ ಡಬ್ಬಿಯಲ್ಲಿ ಎಂಟು ಹತ್ತು ದಿನ ಇರುತ್ತದೆ, ಬೇಕೆಂದಾಗ ಬಟ್ಟಲಿಗೆ ನಾಲ್ಕು ಚಮಚ ಹಾಕಿ ಹಾಲು ಸುರಿದರಾಯಿತು. ಡಬಲ್ ಕಾ ಮೀಠಾಗಿಂತ ಇದು ಮೇಲೆನಿಸುವುದು ಇಲ್ಲಿಯೇ: ಹಾಲು ಸೇರುವುದು ತಿನ್ನುವ ಹೊತ್ತಿಗೆ ಮಾತ್ರ. ಹಲ್ಲಿಲ್ಲದ ಹಿರಿಯರಿಗೂ ಸಲೀಸು. ನಮ್ಮ ಮಾವನವರು ರಾತ್ರಿ ಊಟ ಬೇಡವೆಂದ ದಿನ ಇದನ್ನೇ ಕೇಳಿ ತಿನ್ನುತ್ತಾರೆ.

ಕೇಕ್‌ಗೆ ಉಂಡೆ ಒಳ್ಳೆಯದು. ಎರಡು ಲೋಟ ಕೇಕಿನ ಪುಡಿ, ಅರ್ಧ ಲೋಟ ಹುರಿದ ಶೇಂಗಾ ಪುಡಿ, ಒಂದೆರಡು ಚಮಚ ಬಿಸಿ ತುಪ್ಪ. ಸಕ್ಕರೆ ಬೇಡವೇ ಬೇಡ. ತುಪ್ಪದಲ್ಲಿ ಕಟ್ಟಿದ ಉಂಡೆ ಚಳಿಗಾಲದಲ್ಲಿ ನಾಲ್ಕೈದು ದಿನ ಇರುತ್ತದೆ; ಹಾಲು ಚಿಮುಕಿಸಿ ಕಟ್ಟಿದರೆ ಎರಡೇ ದಿನ, ಅದೂ ಫ್ರಿಜ್‌ನಲ್ಲಿ. ಮಕ್ಕಳಿರುವ ಮನೆಯಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ, ಸಂಜೆಯೊಳಗೆ ಮುಗಿದಿರುತ್ತದೆ.

ಶೇಂಗಾ ಹೋಳಿಗೆಯನ್ನು ಮಾತ್ರ ದಯವಿಟ್ಟು ಪುಡಿ ಮಾಡಬೇಡಿ. ಅದು ಉಳಿಕೆಯಲ್ಲ, ಬುತ್ತಿ. ಬೆಲ್ಲ, ಹುರಿದ ಶೇಂಗಾ, ಒಣ ಹೂರಣ. ಆರಿಸಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರ ಹತ್ತು ದಿನ ಏನೂ ಆಗುವುದಿಲ್ಲ, ತಿನ್ನುವಾಗ ಹಂಚಿಗೆ ತಾಗಿಸಿ ತುಪ್ಪ ಸವರಿದರೆ ಸಾಕು. ಬೇಳೆಯ ಹೂರಣದ ಹೋಳಿಗೆ ಬೇರೆ. ಅದಕ್ಕೆ ಹೊರಗೆ ಒಂದು ದಿನ, ಹೆಚ್ಚೆಂದರೆ ಎರಡು. ಶಹಾಪುರದ ತಂಗಿ, ನಿನ್ನ ಬುಟ್ಟಿಯಲ್ಲಿ ಮೊದಲು ಕೈ ಹಾಕಬೇಕಾದದ್ದು ಅದಕ್ಕೆ.

ಖಾರದ ದಾರಿ

ಹಬ್ಬವೆಲ್ಲ ಸಿಹಿ ತಿಂದು ಬಾಯಿ ಮಬ್ಬಾದ ಮೇಲೆ ಮತ್ತೊಂದು ಸಿಹಿ ಮಾಡಿದರೆ ಯಾರು ತಿನ್ನುತ್ತಾರೆ? ನನ್ನನ್ನು ಕೇಳಿದರೆ ಮೊದಲ ಎರಡು ದಿನ ಈ ದಾರಿಯಲ್ಲೇ ನಡೆಯಬೇಕು. ಊಟದ ಜಾಗದಲ್ಲೇ ಕೂರುವುದರಿಂದ ಒಂದು ಹೊತ್ತಿನ ಅಡುಗೆ ಉಳಿಯುತ್ತದೆ, ಬೇರೆ ಯಾವ ದಾರಿಯೂ ಇದನ್ನು ಕೊಡುವುದಿಲ್ಲ.

ಜೋಳದ ರೊಟ್ಟಿ ಮೆತ್ತಗಿದ್ದರೆ ಮುಟಗಿ. ನಿಜವಾದ ಮುಟಗಿ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯದ್ದು ಎಂಬುದು ನನಗೂ ಗೊತ್ತು. ನಿನ್ನೆಯದಾದರೆ ರೊಟ್ಟಿಯ ಎರಡೂ ಬದಿಗೆ ಒದ್ದೆ ಕೈ ಆಡಿಸಿ, ಹಂಚಿನ ಮೇಲೆ ತಟ್ಟೆ ಮುಚ್ಚಿ ಎರಡು ನಿಮಿಷ ಇಡಬೇಕು. ಹಬೆಯಾಡುತ್ತಿರುವಾಗಲೇ ಒರಳಿಗೆ ಹಾಕಿ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು, ಕೆಂಪು ಖಾರ, ಜೀರಿಗೆ ಸೇರಿಸಿ ಕುಟ್ಟಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಹಿಡಿಯಬೇಕು. ಬೆರಳ ಗುರುತು ಮೂಡಿದ ಆ ಉಂಡೆಯನ್ನು ಕೆನೆ ಮೊಸರಿನ ಜೊತೆ ಕೊಟ್ಟರೆ ನಿನ್ನೆಯ ರೊಟ್ಟಿ ಎಂದು ಯಾರೂ ಹೇಳಲಾರರು.

ಕಟಕ್ ರೊಟ್ಟಿಯಾಗಿ ಒಣಗಿದ್ದರೆ ಏನೂ ಮಾಡುವುದೇ ಬೇಡ, ಅದು ತಿಂಗಳು ಇರುತ್ತದೆ. ಮುರಿದು ಚೂರಾದದ್ದನ್ನು ಮಜ್ಜಿಗೆಯಲ್ಲಿ ಹತ್ತು ನಿಮಿಷ ನೆನೆಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು, ಮೇಲೆ ಶೇಂಗಾ ಹಿಂಡಿ (ಶೇಂಗಾ ಚಟ್ನಿ ಪುಡಿ) ಉದುರಿಸಿ. ಸಜ್ಜೆ ರೊಟ್ಟಿಯ ಮಾತು ಹಾಗಲ್ಲ. ಸಜ್ಜೆಯಲ್ಲಿ ಜೋಳಕ್ಕಿಂತ ಕೊಬ್ಬಿನಂಶ ಹೆಚ್ಚು, ಮೇಲೆ ಎಳ್ಳು ಬೇರೆ ಹಚ್ಚಿರುತ್ತೇವೆ, ಹೀಗಾಗಿ ಅದು ಬೇಗ ಕಮಟುತ್ತದೆ. ಬುಟ್ಟಿಯಲ್ಲಿ ಎರಡೂ ಇದ್ದರೆ ಸಜ್ಜೆಯದನ್ನು ಮೊದಲು ಮುಗಿಸಿ, ಜೋಳದ್ದು ಕಾಯುತ್ತದೆ.

ಬ್ರೆಡ್‌ಗೆ ಉಪ್ಪಿಟ್ಟು. ಆರು ಚೂರನ್ನು ಸಣ್ಣ ತುಂಡು ಮಾಡಿ ಮೊದಲು ಒಣ ಹಂಚಿನಲ್ಲಿ ಗರಿ ಮಾಡಿಕೊಂಡು, ಒಗ್ಗರಣೆ ಆದ ಮೇಲೆ ಹಾಕಿ, ಎರಡು ಚಮಚ ಮಜ್ಜಿಗೆಯನ್ನಷ್ಟೇ ಚಿಮುಕಿಸಿ ಇಳಿಸಿ. ನೀರು ಸುರಿದರೆ ಮುದ್ದೆ. ಕೋಣೆಯಲ್ಲಿರುವ ಹುಡುಗನಿಗೆ ಈರುಳ್ಳಿ, ಮೆಣಸಿನಕಾಯಿ, ನಿಂಬೆಹಣ್ಣು ಇದ್ದರೆ ಹತ್ತು ನಿಮಿಷದ ಕೆಲಸ, ಹೋಟೆಲಿನ ಒಂದು ಹೊತ್ತಿನ ಖರ್ಚು ಉಳಿಯಿತು. ಉಳಿದ ಅಂಚುಗಳನ್ನು ಪುಡಿ ಮಾಡಿಟ್ಟುಕೊಂಡರೆ ಕಟ್ಲೆಟ್‌ಗೆ, ತೆಳ್ಳಗಾದ ಪಲ್ಯಕ್ಕೆ ಆಗುತ್ತದೆ.

ಸಕ್ಕರೆ ಕಾಯಿಲೆ ಇರುವ ಮನೆಗಳಿಗೆ ಒಂದು ಮಾತು. ಕೇಕನ್ನು ಉಂಡೆ ಮಾಡಿದರೂ, ಹಾಲಿಗೆ ಹಾಕಿದರೂ ಅದರ ಸಕ್ಕರೆ ಅಷ್ಟೇ ಇರುತ್ತದೆ. ಮೈದಾ ಬ್ರೆಡ್‌ನ ಉಪ್ಪಿಟ್ಟು ಸಿಹಿಯಿಲ್ಲ ಎಂದ ಮಾತ್ರಕ್ಕೆ ತಟ್ಟೆ ತುಂಬ ತಿನ್ನುವಂತಿಲ್ಲ. ಅಂಥವರ ಪಾಲಿಗೆ ಜೋಳದ ರೊಟ್ಟಿಯೇ ಮೇಲು, ಅದೂ ಅಳತೆಯಲ್ಲಿ.

ಇಡುವುದೋ, ಕೊಡುವುದೋ

ಫ್ರೀಜರ್ ಇದ್ದರೆ ಬ್ರೆಡ್, ಕ್ರೀಮ್ ಇಲ್ಲದ ಕೇಕ್, ಹೋಳಿಗೆ ಮೂರೂ ಇಡಬಹುದು. ಒಂದು ಸಲಕ್ಕೆ ಬೇಕಾದಷ್ಟನ್ನು ಗಾಳಿಯಾಡದಂತೆ ಸುತ್ತಿ, ಹೋಳಿಗೆಗಳ ನಡುವೆ ಬೆಣ್ಣೆ ಕಾಗದ ಇಡಿ. ಬೇರೆ ಬಾಗಿಲಿನ ಫ್ರೀಜರ್ ಆದರೆ ಎರಡು ತಿಂಗಳವರೆಗೆ ತೊಂದರೆಯಿಲ್ಲ; ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದಿಲ್ಲ, ಹದಿನೈದು ದಿನದೊಳಗೆ ಮುಗಿಸಿ. ಬ್ರೆಡ್ಡನ್ನು ಕೆಳಗಿನ ಫ್ರಿಜ್ಜಿನಲ್ಲಿ ಇಡುವುದು ನಡುವಿನ ದಾರಿಯಂತೆ ಕಂಡರೂ ಗಟ್ಟಿಯಾಗುವುದನ್ನು ಬೇಗ ಮಾಡಿಸುತ್ತದೆ. ಪುಡಿ ಮಾಡುವ ಯೋಚನೆ ಇದ್ದರೆ ಮಾತ್ರ ಅಲ್ಲಿಡಿ.

ಪ್ಲಮ್ ಕೇಕ್‌ಗೆ ಈ ಯಾವ ಅವಸರವೂ ಇಲ್ಲ. ಒಣಹಣ್ಣು, ಸಕ್ಕರೆ ತುಂಬಿರುವ ಕೇಕ್ ಅದು. ಪ್ಯಾಕೆಟ್ ಒಡೆಯದೆ ಇಟ್ಟರೆ ಮೇಲೆ ಬರೆದ ದಿನಾಂಕದವರೆಗೆ ಇರುತ್ತದೆ. ಒಣಗಿದ ಚೂರನ್ನು ಇಡ್ಲಿ ಪಾತ್ರೆಯಲ್ಲಿ ಮೂರು ನಿಮಿಷ ಹಬೆಗೆ ಹಿಡಿದರೆ ಮೆತ್ತಗಾಗುತ್ತದೆ. ಬೀದರ್‌ನ ಅಕ್ಕನವರೇ, ನಿಮ್ಮಲ್ಲಿರುವ ಮೂರರಲ್ಲಿ ಎರಡನ್ನು ಒಡೆಯಲೇಬೇಡಿ. ಒಂದು ಫ್ರೀಜರ್‌ಗೆ, ಇನ್ನೊಂದು ನಾಳೆಯೇ ಶಾಲೆಗೆ. ಸಿಬ್ಬಂದಿ ಕೋಣೆಯಲ್ಲಿ ಕತ್ತರಿಸಿದರೆ ಚೂರು ಉಳಿಯುವುದಿಲ್ಲ.

ಕೊಡುವುದಾದರೆ ಒಳ್ಳೆಯದಿರುವಾಗ ಕೊಡಬೇಕು. ನಾವು ತಿಂದು ಬೇಸತ್ತು, ನಾಲ್ಕನೆಯ ದಿನ ಮೂಸಿ ನೋಡಿ, ಕೆಲಸಕ್ಕೆ ಬರುವ ಅಕ್ಕನ ಕೈಗೆ ಕಟ್ಟಿ ಕಳುಹಿಸುವುದು ನನಗೆ ಬಹಳ ನೋವು ಕೊಡುವ ಸಂಗತಿ. ದಾಸೋಹದ ಹೆಸರು ಹೇಳಿಕೊಂಡು ಬೆಳೆದ ಊರು ನಮ್ಮದು. ಹಬ್ಬದ ದಿನ ಸಂಜೆಯೇ ಎಷ್ಟು ಮಿಕ್ಕೀತು ಎಂದು ಕಣ್ಣಳತೆಯಲ್ಲಿ ತಿಳಿಯುತ್ತದೆ. ಆಗಲೇ ಎತ್ತಿಟ್ಟು, ಬಿಸಿಯಿರುವಾಗಲೇ ಕೊಟ್ಟು ಬನ್ನಿ. ನಿಮ್ಮ ಮಕ್ಕಳಿಗೆ ಕೊಡಲು ಹಿಂಜರಿಯುವುದನ್ನು ಬೇರೆಯವರ ಮಕ್ಕಳಿಗೆ ಕೊಡಬೇಡಿ.

ದನಕ್ಕೆ ಹಾಕುತ್ತೇವೆ ಎನ್ನುವವರೂ ಸ್ವಲ್ಪ ಕೇಳಿ. ಒಂದೆರಡು ರೊಟ್ಟಿ ಸರಿ. ಬುಟ್ಟಿಗಟ್ಟಲೆ ರೊಟ್ಟಿ, ಬ್ರೆಡ್, ಹೋಳಿಗೆ ಒಮ್ಮೆಲೇ ತಿಂದ ಹಸುವಿನ ಹೊಟ್ಟೆಯಲ್ಲಿ ಪಿಷ್ಟ ಹುಳಿತು ಆಮ್ಲ ಏರುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಜೀವಕ್ಕೇ ಕುತ್ತಾಗಬಹುದು. ನನ್ನ ತವರಿನಲ್ಲಿ ಒಂದು ಮದುವೆಯ ಮರುದಿನ ಓಣಿಯ ಆಕಳೊಂದು ಹೀಗೆ ನೆಲ ಹಿಡಿದದ್ದನ್ನು ಕಂಡಿದ್ದೇನೆ. ಪಶುವೈದ್ಯರು ಬರುವವರೆಗೆ ಅವ್ವ ಅದರ ಪಕ್ಕದಿಂದ ಏಳಲಿಲ್ಲ. ನಾಯಿಗೆ ಪ್ಲಮ್ ಕೇಕ್ ಒಂದು ಚೂರೂ ಬೇಡ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಚಾಕೊಲೇಟ್ ಕೂಡ ನಾಯಿಗೆ ವಿಷವೇ.

ಇನ್ನು ಆ ಕ್ರೀಮ್ ಕೇಕ್. ಹುಡುಗ ಬರೆದದ್ದು ಮರುದಿನ ಮಧ್ಯಾಹ್ನ, ಕೇಕ್ ರಾತ್ರಿಯಿಡೀ ಮೇಜಿನ ಮೇಲಿತ್ತು. ಅದಕ್ಕೆ ಯಾವ ದಾರಿಯೂ ಇಲ್ಲ, ಮಗನೇ, ಎಸೆದುಬಿಡು. ಹಾಲಿನ ಕೆನೆ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ನೋಡಲು ಚೆನ್ನಾಗಿದ್ದರೂ ನಂಬುವಂತಿಲ್ಲ, ಕೆನೆ ಕೆರೆದು ಕೆಳಗಿನದನ್ನು ತಿನ್ನುವುದೂ ಬೇಡ. ಎರಡು ಪ್ಯಾಕೆಟ್ ಬ್ರೆಡ್ಡಿನಲ್ಲಿ ಒಂದನ್ನು ಇವತ್ತು, ನಾಳೆ ಉಪ್ಪಿಟ್ಟು ಮಾಡು. ಇನ್ನೊಂದನ್ನು ಓದುತ್ತಾ ಕುಳಿತಾಗ ಸಣ್ಣ ಉರಿಯಲ್ಲಿ ಒಂದು ಸಲಕ್ಕೆ ಒಂದು ಹಂಚಿನಷ್ಟು ಸುಟ್ಟು ಡಬ್ಬಿಗೆ ತುಂಬು, ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಚಹಾಕ್ಕೆ ಆಗುತ್ತದೆ. ಖಾರಿಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಒಳಗೆ ಒಂದು ಕಾಗದ ಇಟ್ಟು ಬಿಗಿಯಾಗಿ ಮುಚ್ಚು.